ಬಚ್ಚಲಮನೆಯ ವಿಜ್ಞಾನ: ಗೀಸರ್ ಕೆಟ್ಟರೆ ರಿಪೇರಿಯೋ, ಹೊಸದೋ?



ಪಾಂಡವಪುರ ತಾಲ್ಲೂಕಿನ ತೊಣ್ಣೂರನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಬೆಟ್ಟಗಳ ನಡುವೆ ಕಟ್ಟೆ ಹಾಕಿ ನಿಲ್ಲಿಸಿದ ವಿಶಾಲವಾದ ಕೆರೆ, ನಂಬಿನಾರಾಯಣನ ದೇವಾಲಯ, ರಾಮಾನುಜಾಚಾರ್ಯರ ನೆನಪು. ಕೆರೆಯ ತಿಳಿನೀರಿನಿಂದಾಗಿ ಅದಕ್ಕೆ ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ ಎಂಬ ಹೆಸರೂ ಇದೆ. ಶಾಲಾ ಪ್ರವಾಸಕ್ಕೆ ಬಂದವರು ಕೆರೆಯನ್ನು ನೋಡಿ ಹೋಗುತ್ತಾರೆ. ಇಂದು ನಾವು ಮಾತನಾಡಹೊರಟಿರುವುದು ಆ ಊರಿನ ಮನೆಗಳ ಒಳಗಿನ ನೀರಿನ ಬಗ್ಗೆ, ಅದರಲ್ಲೂ ಬಿಸಿನೀರಿನ ಬಗ್ಗೆ.

ಒಂದು ಮನೆಯನ್ನು ಊಹಿಸಿಕೊಳ್ಳಿ. ಐದು ಜನ. ವಯಸ್ಸಾದ ಅಜ್ಜಿ, ಕಾಲೇಜಿಗೆ ಹೋಗುವ ಮಗಳು, ಬೆಳಿಗ್ಗೆ ಆರಕ್ಕೇ ಗದ್ದೆಗೆ ಹೊರಡುವ ಅಪ್ಪ. ಹಳೆಯ ಬಚ್ಚಲ ಹಂಡೆಯನ್ನು ಮೂಲೆಗೆ ಸರಿಸಿ ಗೋಡೆಗೆ 15 ಲೀಟರಿನ ಗೀಸರ್ ಹಾಕಿಸಿ ಆರು ವರ್ಷವಾಗಿದೆ. ಡಿಸೆಂಬರಿನ ಚಳಿಯಲ್ಲಿ ಒಂದು ದಿನ ನೀರು ಬಿಸಿಯಾಗುವುದಿಲ್ಲ. ಮೆಕ್ಯಾನಿಕ್ ಬಂದು ಮೇಲಿಂದ ಕೆಳಕ್ಕೆ ನೋಡಿ, "ಇದರ ಕಥೆ ಮುಗೀತು, ಹೊಸದೇ ತಗೊಂಬುಡಿ" ಎನ್ನುತ್ತಾನೆ. ಅವನ ಮಾತು ನಿಜವೇ ಇರಬಹುದು. ಆದರೆ ನಿಜವೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಕಬ್ಬಿನ ಬಾಕಿ ಹಣಕ್ಕಾಗಿ ಕಾಯುತ್ತಿರುವ ಮನೆಯಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಅದಕ್ಕಿಂತ ದೊಡ್ಡ ಪ್ರಶ್ನೆಯೂ ಇದೆ: ಕೆಟ್ಟ ಗೀಸರನ್ನು ಹೇಗೋ ಹೊಂದಿಸಿಕೊಂಡು ಬಳಸುವವರ ಜೀವಕ್ಕೆ ಅಪಾಯವಿದೆಯೇ? ಈ ಎರಡಕ್ಕೂ ಉತ್ತರ ಹೇಳಲು ನಿಮ್ಮ ಪಠ್ಯಪುಸ್ತಕದ ಭೌತಶಾಸ್ತ್ರ, ರಸಾಯನಶಾಸ್ತ್ರಗಳೇ ಬಹುಮಟ್ಟಿಗೆ ಸಾಕು.

ಮೊದಲು ಒಂದು ಲೆಕ್ಕ

ಒಂದು ಲೀಟರು ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಮಾಡಲು ಸುಮಾರು 4.2 ಕಿಲೋಜೂಲ್ ಶಾಖ ಬೇಕು. ನಮ್ಮ ಗೀಸರಿನ 15 ಲೀಟರು ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಏರಬೇಕಾದರೆ 15, 4.2 ಮತ್ತು 35ನ್ನು ಗುಣಿಸಿ. ಸುಮಾರು 2,200 ಕಿಲೋಜೂಲ್ ಬರುತ್ತದೆ. ವಿದ್ಯುತ್ತಿನ ಒಂದು ಯೂನಿಟ್ಟು ಎಂದರೆ 3,600 ಕಿಲೋಜೂಲ್. ಆದ್ದರಿಂದ ಖರ್ಚು 0.6 ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು. ಗೀಸರಿನ ಸಾಮರ್ಥ್ಯ 2,000 ವಾಟ್ ಆಗಿದ್ದರೆ ಸೆಕೆಂಡಿಗೆ 2 ಕಿಲೋಜೂಲ್ ಸಿಗುತ್ತದೆ. 1,100 ಸೆಕೆಂಡು, ಅಂದರೆ 18 ನಿಮಿಷ ಸಾಕು. ಈ 15 ಲೀಟರಿಗೆ 25 ಡಿಗ್ರಿಯ 20 ಲೀಟರು ತಣ್ಣೀರು ಬೆರೆಸಿದರೆ ಮೈಗೆ ಹಿತವಾದ 40 ಡಿಗ್ರಿಯ 35 ಲೀಟರು ನೀರು ಸಿಗುತ್ತದೆ. ಸುಮಾರು ಎರಡು ಬಕೆಟ್ಟು.

ಇಷ್ಟು ಗೊತ್ತಿದ್ದರೆ ಗಡಿಯಾರವೇ ನಿಮ್ಮ ಮೊದಲ ಪರೀಕ್ಷಾ ಉಪಕರಣ. ತಣ್ಣನೆಯ ಗೀಸರನ್ನು ಹಾಕಿ, ಅದು ತಾನಾಗಿ ಆಫ್ ಆಗುವವರೆಗಿನ ಸಮಯ ನೋಡಿ. ಹದಿನೆಂಟು, ಇಪ್ಪತ್ತು ನಿಮಿಷವಾದರೆ ಸರಿ. ಅರ್ಧ ಗಂಟೆ, ಮುಕ್ಕಾಲು ಗಂಟೆ ಹಿಡಿದರೆ?

ಗೀಸರ್ ಕೆಟ್ಟಿದೆ ಎಂದು ತೀರ್ಮಾನಿಸಲು ಆತುರಪಡಬೇಡಿ. ಹಳ್ಳಿಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ವೋಲ್ಟೇಜನ್ನು. ಕಾಯಿಸುವ ಸುರುಳಿಯ ರೋಧ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಹಾಗಾಗಿ ಅದರಿಂದ ಬರುವ ಶಾಖ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 230 ವೋಲ್ಟಿನಲ್ಲಿ 2,000 ವಾಟ್ ಕೊಡುವ ಸುರುಳಿ 180 ವೋಲ್ಟಿನಲ್ಲಿ ಸುಮಾರು 1,225 ವಾಟ್ ಮಾತ್ರ ಕೊಡುತ್ತದೆ. ವೋಲ್ಟೇಜು ಕಡಿಮೆಯಾದದ್ದು ಐದರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಶಾಖ ಕಡಿಮೆಯಾದದ್ದು ಐದರಲ್ಲಿ ಎರಡು ಪಾಲಿನಷ್ಟು. ಹದಿನೆಂಟು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಬೇಕಾಗುತ್ತದೆ. ಒಂದೇ ಟ್ರಾನ್ಸ್‌ಫಾರ್ಮರಿನಿಂದ ಹತ್ತಾರು ಪಂಪ್‌ಸೆಟ್ಟುಗಳೂ ಮನೆಗಳೂ ವಿದ್ಯುತ್ ಎಳೆಯುವಲ್ಲಿ ಇದು ಸಾಮಾನ್ಯ. ಕೃಷಿ ಪಂಪುಗಳಿಗೂ ಮನೆಗಳಿಗೂ ಬೇರೆ ಬೇರೆ ಮಾರ್ಗ ಕೊಡುವ ನಿರಂತರ ಜ್ಯೋತಿ ಯೋಜನೆ ಕರ್ನಾಟಕದಲ್ಲಿ ಬಂದದ್ದಕ್ಕೆ ಇಂಥ ತೊಂದರೆಗಳೂ ಕಾರಣ. ಆದ್ದರಿಂದ ಎರಡು ಬೇರೆ ಬೇರೆ ಹೊತ್ತಿನಲ್ಲಿ ಸಮಯ ಅಳೆಯಿರಿ. ಬೆಳಿಗ್ಗೆ ನಿಧಾನ, ರಾತ್ರಿ ಹತ್ತಕ್ಕೆ ಬೇಗ ಎಂದಾದರೆ ದೋಷ ಗೀಸರಿನದಲ್ಲ. ಹೊಸದನ್ನು ತಂದರೂ ಅದು ಹೀಗೇ ನಡೆದುಕೊಳ್ಳುತ್ತದೆ. ದೂರು ಕೊಡಬೇಕಾದದ್ದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ.

ಗಡಸು ನೀರಿನ ಕಿತಾಪತಿ

ಎರಡನೆಯ ಅನುಮಾನ ನೀರಿನದೇ. ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮ ಕಡೆ ಗೀಸರುಗಳು ಬೇಗ ಸಾಯಲು ಮುಖ್ಯ ಕಾರಣವೇ ಇದು.

ಮಳೆನೀರು ನೆಲದೊಳಗೆ ಇಳಿಯುವಾಗ ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲೀಯವಾಗುತ್ತದೆ. ಆ ನೀರು ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತಾಗ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಬೈಕಾರ್ಬೊನೇಟ್ ರೂಪದಲ್ಲಿ ಕರಗಿಸಿಕೊಳ್ಳುತ್ತದೆ. ಆಳದ ಬೋರ್‌ವೆಲ್ಲುಗಳ ನೀರು ಗಡಸಾಗುವುದು ಹೀಗೆ. ಕೆರೆಯಲ್ಲಿ ಶೇಖರವಾಗುವ ಮಳೆನೀರಿಗೆ ಬಂಡೆಯ ಸಹವಾಸ ಅಷ್ಟು ಇರುವುದಿಲ್ಲವಾದ್ದರಿಂದ ಅದು ಸಾಮಾನ್ಯವಾಗಿ ಮೆದುವಾಗಿರುತ್ತದೆ. ಇದನ್ನು ನೀವೇ ಪರೀಕ್ಷಿಸಬಹುದು. ಒಂದೇ ಅಳತೆಯ ಎರಡು ಬಾಟಲಿ ತೆಗೆದುಕೊಂಡು ಒಂದಕ್ಕೆ ಕೆರೆಯ ನೀರು, ಇನ್ನೊಂದಕ್ಕೆ ಬೋರ್‌ವೆಲ್ ನೀರು ಅರ್ಧದಷ್ಟು ತುಂಬಿ. ಬಟ್ಟೆ ಒಗೆಯುವ ಬಾರ್ ಸೋಪನ್ನು ಕರಗಿಸಿದ ದ್ರಾವಣವನ್ನು ಒಂದೊಂದೇ ತೊಟ್ಟು ಹಾಕುತ್ತಾ ಕುಲುಕಿ. ನಿಲ್ಲುವ ನೊರೆ ಬರಲು ಯಾವುದಕ್ಕೆ ಎಷ್ಟು ತೊಟ್ಟು ಬೇಕಾಯಿತು ಎಂದು ಎಣಿಸಿ. ಡಿಟರ್ಜೆಂಟ್ ಪುಡಿ ಬೇಡ, ಅದು ಗಡಸು ನೀರಿನಲ್ಲೂ ನೊರೆ ಕೊಟ್ಟು ನಿಮ್ಮನ್ನು ದಾರಿ ತಪ್ಪಿಸುತ್ತದೆ.

ಬೈಕಾರ್ಬೊನೇಟ್ ಕರಗಿರುವ ನೀರನ್ನು ಕಾಯಿಸಿದರೆ ಅದು ಒಡೆದು ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ, ಕ್ಯಾಲ್ಸಿಯಂ ಕಾರ್ಬೊನೇಟ್ ಉಳಿಯುತ್ತದೆ. ಸುಣ್ಣಕಲ್ಲಿನ ವಸ್ತುವೇ ಇದು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬೆಳ್ಳಗೆ ಕಟ್ಟುವ ಪದರ ನೋಡಿದ್ದೀರಲ್ಲ, ಅದೇ. ಎಷ್ಟು ಕಟ್ಟಬಹುದು? ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನಕ್ಕೆ ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರು ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ನಮ್ಮ ಮನೆಯ ನೀರಿನಲ್ಲಿ 500 ಮಿಲಿಗ್ರಾಂ ಇದೆ, ದಿನಕ್ಕೆ 60 ಲೀಟರು ಗೀಸರಿನ ಮೂಲಕ ಹೋಗುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಹೆಚ್ಚುಕಡಿಮೆ 11 ಕಿಲೋ ಖನಿಜ ಅದರೊಳಗೆ ಹಾದುಹೋಯಿತು! ಇಪ್ಪತ್ತರಲ್ಲಿ ಒಂದು ಪಾಲು ಒಳಗೇ ಉಳಿದರೂ ಅರ್ಧ ಕಿಲೋಗ್ರಾಮಿಗೂ ಮಿಗಿಲು.

ಈ ಪದರದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಚಾಲ್ತಿಯಲ್ಲಿದೆ. "ಸುಣ್ಣ ಕಟ್ಟಿದರೆ ಕರೆಂಟು ಜಾಸ್ತಿ ಎಳೆಯುತ್ತೆ" ಎನ್ನುತ್ತಾರೆ. ಯೋಚಿಸಿ ನೋಡಿ. ಕಾಯಿಸುವ ಸುರುಳಿ ನೀರಿನೊಳಗೇ ಮುಳುಗಿದೆ. ಅಲ್ಲಿ ಹುಟ್ಟಿದ ಶಾಖಕ್ಕೆ ನೀರನ್ನು ಬಿಟ್ಟರೆ ಬೇರೆ ದಾರಿ ಇಲ್ಲ. ಪದರವಿದ್ದರೂ ಶಾಖ ಕೊನೆಗೆ ನೀರಿಗೇ ಬರಬೇಕು. ಹಾಗಾದರೆ ತೊಂದರೆ ಏನು? ಸುಣ್ಣದ ಪದರ ಶಾಖವನ್ನು ಸರಾಗವಾಗಿ ಬಿಡುವುದಿಲ್ಲ. ತಾಮ್ರಕ್ಕೆ ಹೋಲಿಸಿದರೆ ಅದರ ಶಾಖವಾಹಕತೆ ನೂರರಲ್ಲಿ ಒಂದು ಪಾಲೂ ಇಲ್ಲ. ಅಷ್ಟೇ ಶಾಖವನ್ನು ಆ ಕಂಬಳಿಯ ಮೂಲಕ ಹೊರತಳ್ಳಲು ಸುರುಳಿ ತಾನು ಹೆಚ್ಚು ಕಾಯಬೇಕಾಗುತ್ತದೆ. 2,000 ವಾಟಿನ ಸುರುಳಿಗೆ 300 ಚದರ ಸೆಂಟಿಮೀಟರ್ ಮೇಲ್ಮೈ ಇದ್ದು, ಎರಡು ಮಿಲಿಮೀಟರು ಸುಣ್ಣ ಕಟ್ಟಿದೆ ಎಂದುಕೊಂಡರೆ ಅದರ ಉಷ್ಣತೆ ಅರವತ್ತು ಎಪ್ಪತ್ತು ಡಿಗ್ರಿಯಷ್ಟು ಹೆಚ್ಚಬೇಕು. ಪದರ ದಪ್ಪವಾದಷ್ಟೂ ಇದು ಏರುತ್ತದೆ. ಕೊನೆಗೆ ಸುರುಳಿಯ ಹೊರಕವಚ ಬಿರಿಯುತ್ತದೆ ಅಥವಾ ಒಳಗಿನ ತಂತಿ ತುಂಡಾಗುತ್ತದೆ. ಗೀಸರಿನಿಂದ ಚಟಪಟ ಸದ್ದು, ಪಾತ್ರೆ ಹಾಡಿದಂಥ ಸದ್ದು ಬರುತ್ತಿದ್ದರೆ ಪದರದ ಸಂದಿನಲ್ಲಿ ಸಿಕ್ಕ ನೀರು ಅಲ್ಲಲ್ಲೇ ಕುದಿಯುತ್ತಿದೆ ಎಂದು ಅರ್ಥ. ಆ ಸದ್ದು ಕೇಳಿಸಿದ ವಾರದಲ್ಲೇ ಸ್ವಚ್ಛ ಮಾಡಿಸಿದರೆ ಸುರುಳಿ ಉಳಿಯುತ್ತದೆ.

ಹಂಡೆಯ ವಿಚಾರ ಬೇರೆ. ಅಲ್ಲಿ ಬೆಂಕಿ ಹೊರಗಿದೆ. ಒಳಗೆ ಸುಣ್ಣ ಕಟ್ಟಿದರೆ ನೀರಿಗೆ ಸೇರಬೇಕಾದ ಶಾಖ ಹೊಗೆಯೊಡನೆ ಹೊರಟುಹೋಗುತ್ತದೆ. ಸೌದೆ ನಿಜವಾಗಿಯೂ ಹೆಚ್ಚು ಬೇಕಾಗುತ್ತದೆ. ದೀಪಾವಳಿಯ ನೀರು ತುಂಬುವ ಹಬ್ಬವನ್ನು ನೆನಪಿಸಿಕೊಳ್ಳಿ. ನರಕ ಚತುರ್ದಶಿಯ ಹಿಂದಿನ ದಿನ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಉಜ್ಜಿ, ಬಚ್ಚಲು ತೊಳೆದು, ಹಂಡೆಗೆ ಬಳ್ಳಿ ಸುತ್ತಿ ಹೊಸ ನೀರು ತುಂಬುತ್ತಿದ್ದರು. ಹುಣಸೆಯ ಆಮ್ಲ ಸುಣ್ಣವನ್ನೂ ತಾಮ್ರದ ಕಿಲುಬನ್ನೂ ಕರಗಿಸುತ್ತದೆ. ಚಳಿಗಾಲ ಶುರುವಾಗುವ ಮುನ್ನ ವರ್ಷಕ್ಕೊಮ್ಮೆ ನೀರು ಕಾಯಿಸುವ ಸಾಧನದ ಸರ್ವಿಸ್! ಗೋಡೆಯ ಮೇಲಿನ ಗೀಸರಿಗೆ ಇಂಥ ಹಬ್ಬ ಇಲ್ಲದಿರುವುದೇ ಅದರ ದುರದೃಷ್ಟ ಎಂದು ನನಗನ್ನಿಸುತ್ತದೆ.

ಪೆಟ್ಟಿಗೆಯ ಒಳಗೆ ಏನಿದೆ?

ಗೀಸರಿನ ಹೊರಗಿನ ಡಬ್ಬಿಗೂ ಒಳಗಿನ ತೊಟ್ಟಿಗೂ ನಡುವೆ ಶಾಖ ಸೋರದಂತೆ ಹಗುರವಾದ ನೊರೆಯಂಥ ವಸ್ತು ತುಂಬಿರುತ್ತಾರೆ. ತೊಟ್ಟಿಯೊಳಗೆ ಕಾಯಿಸುವ ಸುರುಳಿ ಇದೆ. ಅದರ ಪಕ್ಕದ ಕೊಳವೆಯಲ್ಲಿ ಥರ್ಮೋಸ್ಟಾಟ್ ಕುಳಿತು ನಿಗದಿತ ಉಷ್ಣತೆ ಮುಟ್ಟಿದಾಗ ವಿದ್ಯುತ್ತನ್ನು ಕಡಿಯುತ್ತದೆ. ಅದು ಕೈಕೊಟ್ಟರೆ ಇರಲಿ ಎಂದು ಥರ್ಮಲ್ ಕಟೌಟ್ ಎಂಬ ಎರಡನೆಯ ಕಾವಲುಗಾರನೂ ಇದ್ದಾನೆ. ತಣ್ಣೀರು ಬರುವ ಕಡೆ ಒತ್ತಡ ಮಿತಿಮೀರಿದಾಗ ತೆರೆದುಕೊಳ್ಳುವ ಸುರಕ್ಷಾ ಕವಾಟವಿದೆ.

ಇವೆಲ್ಲಕ್ಕಿಂತ ನನಗೆ ಇಷ್ಟವಾದ ಭಾಗ ಹೆಚ್ಚಿನವರು ನೋಡಿಯೇ ಇರದ ಒಂದು ಕಡ್ಡಿ. ಅದನ್ನು ಆನೋಡ್ ಕಡ್ಡಿ ಎನ್ನುತ್ತಾರೆ. ಸಾಮಾನ್ಯವಾಗಿ ಮೆಗ್ನೀಸಿಯಂನಿಂದ ಮಾಡಿರುತ್ತಾರೆ. ರಸಾಯನಶಾಸ್ತ್ರದ ಪಾಠದಲ್ಲಿ ಲೋಹಗಳ ಕ್ರಿಯಾಶೀಲತೆಯ ಶ್ರೇಣಿಯನ್ನು ಕಲಿತಿದ್ದೀರಿ. ಮೆಗ್ನೀಸಿಯಂ ಕಬ್ಬಿಣಕ್ಕಿಂತ ಬಹಳ ಮೇಲಿದೆ, ಅಂದರೆ ಎಲೆಕ್ಟ್ರಾನುಗಳನ್ನು ಬೇಗ ಬಿಟ್ಟುಕೊಡುತ್ತದೆ. ಎರಡೂ ಒಂದೇ ನೀರಿನಲ್ಲಿ ಪರಸ್ಪರ ಸಂಪರ್ಕದಲ್ಲಿದ್ದರೆ ಮೆಗ್ನೀಸಿಯಂ ಕರಗುತ್ತದೆ, ಉಕ್ಕಿನ ತೊಟ್ಟಿ ಉಳಿಯುತ್ತದೆ. ಕಡ್ಡಿ ಪೂರ್ತಿ ಸವೆದುಹೋದ ದಿನದಿಂದ ತುಕ್ಕು ತೊಟ್ಟಿಯನ್ನು ಹಿಡಿಯುತ್ತದೆ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಕಡ್ಡಿಯನ್ನು ಬಿಚ್ಚಿ ನೋಡಿ, ಸವೆದಿದ್ದರೆ ಬದಲಾಯಿಸಿದರೆ ತೊಟ್ಟಿಯ ಆಯುಸ್ಸು ಹೆಚ್ಚುತ್ತದೆ. ತೊಟ್ಟಿಗೆ ಹೋಲಿಸಿದರೆ ಕಡ್ಡಿಯ ಬೆಲೆ ತೀರ ಕಡಿಮೆ. ಆದರೂ ಕೇಳಿ ಹಾಕಿಸುವವರು ಅಪರೂಪ. ಬಿಸಿನೀರು ಮಾತ್ರ ಕೆಂಪಗೆ ಬರುತ್ತಿದ್ದು ತಣ್ಣೀರು ತಿಳಿಯಾಗಿದ್ದರೆ ಕಡ್ಡಿ ಮುಗಿದು ತೊಟ್ಟಿ ತುಕ್ಕು ಹಿಡಿಯುತ್ತಿರುವ ಸಾಧ್ಯತೆ ಹೆಚ್ಚು.

ರೋಗಲಕ್ಷಣ ನೋಡಿ ರೋಗ ಹೇಳುವುದು

ಒಂದು ಎಚ್ಚರಿಕೆಯ ನಂತರ ಮುಂದೆ ಓದಿ. ಗೀಸರಿನ ಮುಚ್ಚಳ ತೆಗೆಯುವುದು ನಿಮ್ಮ ಕೆಲಸವಲ್ಲ. ಅದು ತಿಳಿದ ಎಲೆಕ್ಟ್ರಿಷಿಯನ್ನನ ಕೆಲಸ. ಅವರೂ ಗೋಡೆಯ ಸ್ವಿಚ್ಚನ್ನಷ್ಟೇ ಅಲ್ಲ, ಆ ಮಾರ್ಗದ ಎಂ.ಸಿ.ಬಿ. ಅಥವಾ ಮೇನ್ ಸ್ವಿಚ್ಚನ್ನೇ ಆಫ್ ಮಾಡಿ ಕೈಹಾಕಬೇಕು. ಗೋಡೆಯ ಸ್ವಿಚ್ಚಿಗೆ ವೈರಿಂಗ್ ತಲೆಕೆಳಗಾಗಿದ್ದರೆ ಸ್ವಿಚ್ ಆಫ್ ಆಗಿದ್ದರೂ ಒಳಗೆ ವಿದ್ಯುತ್ ಇರುತ್ತದೆ. ನೀವು ಮಾಡಬೇಕಾದದ್ದು ನೋಡುವುದು, ಕೇಳುವುದು, ಸಮಯ ಅಳೆಯುವುದು, ಸರಿಯಾದ ಪ್ರಶ್ನೆ ಕೇಳುವುದು.

ಯಾವ ದೀಪವೂ ಉರಿಯದಿದ್ದರೆ ವಿದ್ಯುತ್ತೇ ಒಳಗೆ ಬರುತ್ತಿಲ್ಲ. ಎಂ.ಸಿ.ಬಿ. ಬಿದ್ದಿದೆಯೇ, ಪ್ಲಗ್ಗು ಸುಟ್ಟ ವಾಸನೆ ಬರುತ್ತಿದೆಯೇ, ಸಾಕೆಟ್ಟಿನ ರಂಧ್ರ ಕಪ್ಪಗಾಗಿದೆಯೇ ನೋಡಿ. 2,000 ವಾಟಿನ ಗೀಸರ್ 230 ವೋಲ್ಟಿನಲ್ಲಿ 8.7 ಆಂಪಿಯರ್ ಎಳೆಯುತ್ತದೆ. ಅದನ್ನು ಫ್ಯಾನು, ದೀಪಗಳಿಗೆಂದು ಇರುವ ಸಣ್ಣ ಸಾಕೆಟ್ಟಿಗೆ ಸಿಕ್ಕಿಸಿದರೆ ಸಾಕೆಟ್ಟು ಕರಗುತ್ತದೆ. ದಪ್ಪ ಪಿನ್ನಿನ ಪವರ್ ಸಾಕೆಟ್ಟೇ ಬೇಕು. ಇಂಥಲ್ಲಿ ಕೆಟ್ಟಿರುವುದು ಗೀಸರಲ್ಲ, ಸಾಕೆಟ್ಟು.

ಹಲವು ಗೀಸರುಗಳಲ್ಲಿ ಎರಡು ದೀಪಗಳಿರುತ್ತವೆ: ಒಂದು ವಿದ್ಯುತ್ ಬಂದಿದೆ ಎನ್ನಲು, ಇನ್ನೊಂದು ಕಾಯುತ್ತಿದೆ ಎನ್ನಲು. ಮೊದಲನೆಯದು ಉರಿದು ಎರಡನೆಯದು ಉರಿಯದೆ ನೀರು ತಣ್ಣಗಿದ್ದರೆ ಥರ್ಮೋಸ್ಟಾಟ್ ಅಥವಾ ಕಟೌಟ್ ವಿದ್ಯುತ್ತನ್ನು ತಡೆದಿದೆ. ಎರಡೂ ಉರಿಯುತ್ತಿದ್ದು ನೀರು ತಣ್ಣಗಿದ್ದರೆ ಸುರುಳಿ ತುಂಡಾಗಿದೆ. ಮೆಕ್ಯಾನಿಕ್ ಮೀಟರಿನಿಂದ ಅಳೆದರೆ ಆರೋಗ್ಯವಂತ 2,000 ವಾಟಿನ ಸುರುಳಿ ಸುಮಾರು 26 ಓಮ್ ತೋರಿಸಬೇಕು. 230ರ ವರ್ಗವನ್ನು 2,000ದಿಂದ ಭಾಗಿಸಿದರೆ ನಿಮಗೂ ಅದೇ ಉತ್ತರ ಸಿಗುತ್ತದೆ. ತುಂಡಾಗಿದ್ದರೆ ಮೀಟರು ಏನನ್ನೂ ತೋರಿಸುವುದಿಲ್ಲ. "ಅಳೆದು ತೋರಿಸಿ ಅಣ್ಣಾ" ಎಂದು ವಿನಯವಾಗಿ ಕೇಳಿ. ತಿಳಿದ ಮೆಕ್ಯಾನಿಕ್ಕಿಗೆ ಇದರಿಂದ ಬೇಸರವಾಗುವುದಿಲ್ಲ.

ಸುರಕ್ಷಾ ಕವಾಟದಿಂದ ನೀರು ತೊಟ್ಟಿಕ್ಕಿದರೆ ಗಾಬರಿಯಾಗುವವರಿದ್ದಾರೆ. ನೀರು 25ರಿಂದ 60 ಡಿಗ್ರಿಗೆ ಕಾದಾಗ ಶೇಕಡಾ 1.4ರಷ್ಟು ಹಿಗ್ಗುತ್ತದೆ. 15 ಲೀಟರಿಗೆ ಒಂದು ದೊಡ್ಡ ಲೋಟದಷ್ಟು ನೀರು ಹೆಚ್ಚಾಯಿತು. ಹಿಂದಕ್ಕೆ ಹೋಗಲು ದಾರಿಯಿಲ್ಲದಿದ್ದರೆ ಅದು ಕವಾಟದಿಂದ ಹೊರಬರಲೇಬೇಕು. ಕಾಯುವಾಗ ಮಾತ್ರ ನಾಲ್ಕು ಹನಿ ಬಿದ್ದರೆ ಕವಾಟ ತನ್ನ ಕೆಲಸ ಮಾಡುತ್ತಿದೆ. ದಿನವಿಡೀ ತೊಟ್ಟಿಕ್ಕಿದರೆ ಅದನ್ನು ಬದಲಾಯಿಸಬೇಕು. ತೊಟ್ಟಿಕ್ಕುತ್ತದೆಂದು ಅದರ ಬಾಯಿಗೆ ಡಮ್ಮಿ ಹಾಕಿ ಮುಚ್ಚುವುದು ಮಾತ್ರ ಕೂಡದು. ಥರ್ಮೋಸ್ಟಾಟ್ ಅಂಟಿಕೊಂಡ ದಿನ ಹಬೆಗೆ ಹೊರಬರಲು ಬೇರೆ ಬಾಗಿಲೇ ಇರುವುದಿಲ್ಲ, ತೊಟ್ಟಿ ಸಿಡಿಯುತ್ತದೆ. ನಲ್ಲಿ ತಿರುಗಿಸಿದಾಗ ನೀರಿನೊಡನೆ ಹಬೆ ಬುಸುಗುಟ್ಟುತ್ತಿದ್ದರೆ ಕೂಡಲೇ ಮೇನ್ ಆಫ್ ಮಾಡಿ ಬಚ್ಚಲಿನಿಂದ ಹೊರಗೆ ಬನ್ನಿ. ತಾನಾಗಿ ತಣಿಯುವವರೆಗೂ ಗೀಸರನ್ನು ಮುಟ್ಟಬೇಡಿ.

ಮೂರನೆಯ ಪಿನ್ನು

ನಲ್ಲಿ ಮುಟ್ಟಿದಾಗ ಚುರುಕ್ ಎನ್ನುತ್ತದೆಯೇ? "ಸ್ವಲ್ಪ ಶಾಕ್ ಹೊಡೆಯುತ್ತೆ, ಪರವಾಗಿಲ್ಲ, ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡು" ಎನ್ನುವ ಮನೆಗಳು ಇನ್ನೂ ಇವೆ. ಇದನ್ನು ಓದಿದವರು ಇಂದೇ ಆ ಗೀಸರನ್ನು ನಿಲ್ಲಿಸಬೇಕು.

ಸುರುಳಿಯ ಕವಚ ಬಿರಿದರೆ ವಿದ್ಯುತ್ ನೀರಿಗೂ ತೊಟ್ಟಿಗೂ ಸೋರುತ್ತದೆ. ಅರ್ತಿಂಗ್ ಸರಿಯಾಗಿದ್ದರೆ ಆ ವಿದ್ಯುತ್ ಮೂರನೆಯ ತಂತಿಯ ಮೂಲಕ ನೆಲಕ್ಕೆ ಹರಿದುಹೋಗುತ್ತದೆ. ಎರಡು ರಂಧ್ರದ ಸಾಕೆಟ್ಟಿಗೆ ಹೊಂದಲಿ ಎಂದು ಮೂರನೆಯ ಪಿನ್ನನ್ನು ಕಿತ್ತುಹಾಕಿದ್ದರೆ, ಅಥವಾ ಹಿತ್ತಿಲಿನ ಅರ್ತ್ ಗುಂಡಿ ವರ್ಷಗಳಿಂದ ಒಣಗಿ ನಿಂತಿದ್ದರೆ, ನೆಲಕ್ಕೆ ಹೋಗುವ ದಾರಿ ಸ್ನಾನ ಮಾಡುತ್ತಿರುವವರ ದೇಹವೇ. ಒದ್ದೆ ಮೈಯ ರೋಧ ಸುಮಾರು 1,000 ಓಮ್ ಎಂದುಕೊಂಡರೂ 230 ವೋಲ್ಟಿಗೆ 230 ಮಿಲಿಆಂಪಿಯರ್ ಹರಿಯುತ್ತದೆ. ಹೃದಯದ ಬಡಿತ ತಪ್ಪಿಸಲು ಅದರಲ್ಲಿ ಕಾಲುಭಾಗವೂ ಸಾಕಾಗಬಹುದು. ಎಂ.ಸಿ.ಬಿ.ಗೆ ಇದು ಗೊತ್ತೇ ಆಗುವುದಿಲ್ಲ. ಅದು ಬೀಳುವುದು ಹತ್ತಾರು ಆಂಪಿಯರ್ ಹರಿದಾಗ. ಹೋದ ವಿದ್ಯುತ್ತಿಗೂ ಮರಳಿದ ವಿದ್ಯುತ್ತಿಗೂ 30 ಮಿಲಿಆಂಪಿಯರ್ ವ್ಯತ್ಯಾಸ ಕಂಡ ಕ್ಷಣಾರ್ಧದಲ್ಲಿ ಕಡಿದುಹಾಕುವ ಆರ್.ಸಿ.ಸಿ.ಬಿ. ಎಂಬ ಸಾಧನ ಬೇರೆಯೇ ಇದೆ. ಗೀಸರ್ ರಿಪೇರಿಗೆ ಖರ್ಚು ಮಾಡುವ ಮನೆಯವರು ಮೊದಲು ಅದನ್ನು ಹಾಕಿಸಲಿ ಎನ್ನುವುದು ನನ್ನ ಅಭಿಪ್ರಾಯ. ಗೀಸರ್ ಹಾಕಿದಾಗಲೆಲ್ಲ ಆರ್.ಸಿ.ಸಿ.ಬಿ. ಬೀಳುತ್ತಿದ್ದರೆ ಅದನ್ನು ಬೈದು ತೆಗೆಸಬೇಡಿ. ಸುರುಳಿ ಸೋರುತ್ತಿದೆ ಎಂದು ಅದು ಹೇಳುತ್ತಿದೆ.

ಬಕೆಟ್ಟಿಗೆ ಇಳಿಬಿಡುವ ವಾಟರ್ ಹೀಟರ್ ಕಡ್ಡಿಗೂ ಇದೇ ಮಾತು. ಗೀಸರ್ ಕೆಟ್ಟ ದಿನ ಅಟ್ಟದಿಂದ ಹಳೆಯ ಕಡ್ಡಿಯನ್ನು ಇಳಿಸುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಐ.ಎಸ್.ಐ. ಗುರುತು ಇರಲಿ, ಲೋಹದ ಬಕೆಟ್ಟು ಬೇಡ, ನೀರು ಬಿಸಿಯಾಗಿದೆಯೇ ಎಂದು ಪ್ಲಗ್ಗು ಕಿತ್ತ ಮೇಲಷ್ಟೇ ಬೆರಳಿಟ್ಟು ನೋಡಿ.

ಹಾಗಾದರೆ ರಿಪೇರಿಯೋ, ಹೊಸದೋ?

ತೀರ್ಮಾನದ ಸೂತ್ರ ಬಹಳ ಸರಳ. ಬಿಚ್ಚಿ ಹಾಕಬಹುದಾದ ಭಾಗ ಕೆಟ್ಟರೆ ರಿಪೇರಿ. ತೊಟ್ಟಿಯೇ ತೂತಾದರೆ ಹೊಸದು. ಸುರುಳಿ, ಥರ್ಮೋಸ್ಟಾಟ್, ಕಟೌಟ್, ರಬ್ಬರ್ ವಾಷರ್, ಆನೋಡ್ ಕಡ್ಡಿ, ಕವಾಟ ಇವೆಲ್ಲ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತವೆ. ನೀರು ಸೋರುತ್ತಿದ್ದರೆ ಎಲ್ಲಿಂದ ಎಂದು ನೋಡಿ. ಪೈಪು ಸೇರುವ ಕಡೆಯಿಂದಲೋ, ಸುರುಳಿ ಕೂಡಿಸಿರುವ ಬಿಲ್ಲೆಯ ಅಂಚಿನಿಂದಲೋ ಆದರೆ ವಾಷರ್ ಬದಲಾಯಿಸಿದರೆ ಮುಗಿಯಿತು. ಹೊರಡಬ್ಬಿಯ ಹೊಲಿಗೆಯಿಂದ ಜಿನುಗುತ್ತಿದ್ದರೆ ಒಳತೊಟ್ಟಿ ಹೋಗಿದೆ. ಅದಕ್ಕೆ ಬೆಸುಗೆ ಹಾಕಿಸುವುದು ದುಡ್ಡು ದಂಡ. ತೂತು ಮುಚ್ಚಿದ ಕಡೆಯ ಪಕ್ಕದಲ್ಲೇ ಇನ್ನೊಂದು ತೂತಾಗುತ್ತದೆ. ನಮ್ಮ ಊಹೆಯ ಮನೆಯಲ್ಲಿ ಎರಡೂ ದೀಪಗಳು ಉರಿಯುತ್ತಿದ್ದು, ತೊಟ್ಟಿ ಒಣಗಿದೆ, ನೀರಿಗೆ ಕೆಂಪಿಲ್ಲ ಎಂದಾದರೆ ಮೆಕ್ಯಾನಿಕ್ಕಿನ ಮಾತನ್ನು ಒಪ್ಪಬೇಕಾಗಿಲ್ಲ. ಸುರುಳಿ, ವಾಷರ್, ಆನೋಡ್ ಕಡ್ಡಿ ಮೂರನ್ನೂ ಒಟ್ಟಿಗೆ ಬದಲಾಯಿಸಿ, ತಳದಲ್ಲಿ ಕುಳಿತ ಸುಣ್ಣವನ್ನು ಬಗೆದು ತೆಗೆಸಬೇಕು. ಒಮ್ಮೆ ಬಿಚ್ಚಿದ ಮೇಲೆ ಮೂರಕ್ಕೂ ಕೂಲಿ ಒಂದೇ.

ಸುರುಳಿ ತುಂಡಾಗಿಲ್ಲ, ಸುಣ್ಣ ಮಾತ್ರ ಕಟ್ಟಿದೆ ಎಂದಾದರೆ ಅದನ್ನು ಕಿತ್ತು, ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪಿನ ಬಿಸಿ ದ್ರಾವಣದಲ್ಲಿ ಮುಳುಗಿಸಿಟ್ಟರೆ ಗುಳ್ಳೆಗಳೆದ್ದು ಪದರ ಸಡಿಲವಾಗುತ್ತದೆ. ತಂತಿ ಸೇರಿಸುವ ತುದಿಗಳು ಮಾತ್ರ ನೆನೆಯಬಾರದು. ಆ ಗುಳ್ಳೆಗಳು ಯಾವ ಅನಿಲದವು ಎಂದು ನಿಮಗೇ ಗೊತ್ತು. ಬಚ್ಚಲು ತೊಳೆಯುವ ಆಸಿಡ್ಡನ್ನು ಇದಕ್ಕೆ ಬಳಸಬಾರದು, ಅದು ಸುಣ್ಣದೊಡನೆ ಲೋಹವನ್ನೂ ತಿನ್ನುತ್ತದೆ. ಮುಂದಕ್ಕೆ ಥರ್ಮೋಸ್ಟಾಟನ್ನು 50-55 ಡಿಗ್ರಿಗೆ ಇಳಿಸಿಟ್ಟರೆ ಸುಣ್ಣ ನಿಧಾನವಾಗಿ ಕಟ್ಟುತ್ತದೆ. ಮಕ್ಕಳಿರುವ ಮನೆಯಲ್ಲಿ ಸುಟ್ಟ ಗಾಯದ ಭಯವೂ ಕಡಿಮೆ.

ಹೊಸದೇ ಬೇಕಾದಾಗ ಗೀಸರಿಗೆ ಗೀಸರೇ ಬದಲಿ ಎಂದು ತಿಳಿಯಬೇಕಾಗಿಲ್ಲ. ತೊಣ್ಣೂರಿನ ಸುತ್ತಮುತ್ತ ತೆಂಗಿನ ಗರಿ, ಮಟ್ಟೆ, ಕಬ್ಬಿನ ತರಗಿಗೆ ಬರವಿಲ್ಲ. ಹಂಡೆಯ ಕೆಳಗೆ ತೆರೆದ ಬೆಂಕಿ ಹಾಕಿದರೆ ಶಾಖದ ಬಹುಪಾಲು ಗಾಳಿಗೆ ಹೋಗುತ್ತದೆ, ಹೊಗೆ ಕಣ್ಣಿಗೆ ಬರುತ್ತದೆ ಎನ್ನುವುದು ನಿಜ. ಅದಕ್ಕೂ ಉಪಾಯ ಹುಡುಕಿದವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ಕುಮಾರ್ ಎನ್. ರೆಡ್ಡಿ ಅವರ ನೇತೃತ್ವದಲ್ಲಿ ಅಸ್ತ್ರ ಎಂಬ ಕೇಂದ್ರ ಆರಂಭವಾಯಿತು. ವಿಜ್ಞಾನವನ್ನು ಹಳ್ಳಿಗೆ ಅನ್ವಯಿಸುವುದೇ ಅದರ ಉದ್ದೇಶ. ಅಲ್ಲಿ ರೂಪುಗೊಂಡ ಅಸ್ತ್ರ ಒಲೆಯ ಸೂತ್ರ ಸರಳವಾದದ್ದು: ಬೆಂಕಿಯ ಸುತ್ತ ಗೋಡೆ, ಕೆಳಗಿನಿಂದ ಗಾಳಿ ಬರಲು ಸರಳುಗಳ ಜಾಲರಿ, ಹೊಗೆಗೆ ಚಿಮಣಿ, ಬಿಸಿ ಅನಿಲ ಹೊರಹೋಗುವ ಮುನ್ನ ಪಾತ್ರೆಯನ್ನು ಸವರಿಕೊಂಡು ಹೋಗುವಂತೆ ಇಕ್ಕಟ್ಟಾದ ದಾರಿ. ನಡುವೆ ಕೊಳವೆಯಿದ್ದು ಬೆಂಕಿ ಅದರೊಳಗೇ ಹಾಯುವ ತಾಮ್ರದ ಬಾಯ್ಲರಿನಲ್ಲೂ ಇದೇ ಜಾಣತನವಿದೆ. ಮೂಲೆಗೆ ಸರಿಸಿದ ಹಂಡೆಯನ್ನು ಗುಜರಿಗೆ ಹಾಕುವ ಮೊದಲು ಇದನ್ನು ಯೋಚಿಸಿ.

ಗ್ಯಾಸ್ ಗೀಸರ್ ಅಗ್ಗ, ಬೇಗ ಬಿಸಿಮಾಡುತ್ತದೆ, ಕರೆಂಟಿನ ಹಂಗಿಲ್ಲ. ಆದರೆ ಮುಚ್ಚಿದ ಬಚ್ಚಲಿನೊಳಗೆ ಅದನ್ನು ಹಾಕಿಸುವುದು ಜೀವಕ್ಕೆ ಎರವು. ಗಾಳಿ ಸಾಲದೆ ಉರಿದ ಅನಿಲ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಿಗಿಯಲ್ಲಿ ಇದನ್ನು ಹಿಡಿದುಕೊಳ್ಳುತ್ತದೆ. ಸಿಲಿಂಡರಿನ ಅನಿಲ ಸೋರಿದರೆ ಗೊತ್ತಾಗಲೆಂದು ಅದಕ್ಕೆ ವಾಸನೆ ಬೆರೆಸಿರುತ್ತಾರೆ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸ್ನಾನಕ್ಕೆ ಹೋದವರು ಒಳಗೇ ಪ್ರಜ್ಞೆ ತಪ್ಪಿ ಮೃತಪಟ್ಟ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಗ್ಯಾಸ್ ಗೀಸರಿನ ಜಾಗ ಬಚ್ಚಲಿನ ಹೊರಗೆ, ಗಾಳಿಯಾಡುವಲ್ಲಿ. ಪೈಪು ಮಾತ್ರ ಒಳಗೆ ಬರಲಿ. ತಲೆನೋವು, ತಲೆಸುತ್ತು ಬಂದರೆ ಬಾಗಿಲು ತೆರೆದು ಹೊರಗೆ ಬರಬೇಕು.

ಉಳಿದದ್ದು ಸೂರ್ಯ. ಸೌರ ಬಿಸಿನೀರಿನ ಬಳಕೆಯಲ್ಲಿ ಕರ್ನಾಟಕ ದೇಶದಲ್ಲೇ ಮುಂಚೂಣಿಯಲ್ಲಿದೆ. 2007ರಲ್ಲಿ ರಾಜ್ಯ ಸರ್ಕಾರ ಕೆಲವು ವರ್ಗದ ಕಟ್ಟಡಗಳಿಗೆ ಇದನ್ನು ಕಡ್ಡಾಯಗೊಳಿಸಿತು. 100 ಲೀಟರು ನೀರನ್ನು 35 ಡಿಗ್ರಿ ಏರಿಸಲು ದಿನಕ್ಕೆ 4 ಯೂನಿಟ್ಟು ಬೇಕು ಎಂದು ಮೊದಲಿನ ಲೆಕ್ಕದಿಂದಲೇ ಹೇಳಬಹುದು. ಎರಡು ಚದರ ಮೀಟರಿನ ಫಲಕ ನಮ್ಮ ಬಿಸಿಲಿನಲ್ಲಿ ಅಷ್ಟನ್ನು ಕೊಡಬಲ್ಲದು. ಪಾಂಡವಪುರ ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರಿನ ಮಧ್ಯಾಹ್ನ ಸೂರ್ಯ ದಕ್ಷಿಣಕ್ಕೆ ವಾಲಿ 54 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಬಿಸಿನೀರು ಹೆಚ್ಚು ಬೇಕಾಗುವುದೂ ಆಗಲೇ. ಫಲಕ ದಕ್ಷಿಣಕ್ಕೆ ಮುಖ ಮಾಡಿ ತುಸು ಹೆಚ್ಚೇ ಓರೆಯಾಗಿರುವುದು ಇದರಿಂದ.

ಸೌರ ವ್ಯವಸ್ಥೆಯ ದೋಷಗಳೂ ಬಹುಪಾಲು ಸಣ್ಣವು. ಅದರಲ್ಲಿ ಪಂಪು ಇಲ್ಲ. ಕಾದ ನೀರು ಹಗುರವಾಗಿ ತಾನೇ ಮೇಲಿನ ತೊಟ್ಟಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ತಣ್ಣೀರಿನ ಟ್ಯಾಂಕು ಬಿಸಿನೀರಿನ ತೊಟ್ಟಿಗಿಂತ ಎತ್ತರದಲ್ಲಿ ಇಲ್ಲದಿದ್ದರೆ, ಗಾಳಿ ಹೊರಹೋಗುವ ಕೊಳವೆ ಕಟ್ಟಿಕೊಂಡಿದ್ದರೆ ಈ ಓಡಾಟ ನಿಲ್ಲುತ್ತದೆ. ಗಾಜಿನ ಕೊಳವೆಗಳ ವ್ಯವಸ್ಥೆಯಾದರೆ ಪ್ರತಿ ಕೊಳವೆಯ ತುದಿಯಲ್ಲಿರುವ ಬೆಳ್ಳಿಯ ಹೊಳಪನ್ನು ನೋಡಿ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗಿನ ನಿರ್ವಾತ ಹೋಗಿದೆ. ಆ ಕೊಳವೆಯೊಂದನ್ನು ಬದಲಾಯಿಸಿದರೆ ಸಾಕು. ಗಡಸು ನೀರಿನ ಊರುಗಳಲ್ಲಿ ತಾಮ್ರದ ಸಣ್ಣ ಕೊಳವೆಗಳ ಫಲಕಕ್ಕೆ ನೇರವಾಗಿ ಬೋರ್‌ವೆಲ್ ನೀರು ಬಿಟ್ಟರೆ ಸುಣ್ಣ ಕಟ್ಟಿ ಮುಚ್ಚಿಹೋಗುತ್ತವೆ. ಫಲಕದಲ್ಲಿ ಒಂದೇ ನೀರು ಸುತ್ತುತ್ತಾ ಸ್ನಾನದ ನೀರಿಗೆ ಶಾಖವನ್ನಷ್ಟೇ ದಾಟಿಸುವ ಶಾಖ ವಿನಿಮಯಕದ ಮಾದರಿಯನ್ನು ಕೇಳಿ ತರಿಸಬೇಕು.

"ಸೋಲಾರ್ ಹಾಕಿಸಿದ್ದೇವೆ, ಆದರೂ ಬೆಳಿಗ್ಗೆ ಉಗುರುಬೆಚ್ಚಗೆ" ಎನ್ನುವ ಮನೆಗಳಲ್ಲಿ ಮೇಲೆ ಹತ್ತುವ ಮೊದಲು ಬಚ್ಚಲಿನ ಮಿಕ್ಸರ್ ನಲ್ಲಿಯನ್ನು ನೋಡಿ. ಬಿಸಿ, ತಣ್ಣೀರಿನ ಎರಡೂ ತಿರುಪುಗಳನ್ನು ತೆರೆದಿಟ್ಟು ಕೈ ಶವರಿನ ಗುಂಡಿಯಿಂದ ಮಾತ್ರ ನೀರು ನಿಲ್ಲಿಸಿದ್ದರೆ, ತಣ್ಣೀರು ನಲ್ಲಿಯೊಳಗೇ ದಾಟಿ ಬಿಸಿನೀರಿನ ಪೈಪಿಗೆ ನುಗ್ಗುತ್ತಿರುತ್ತದೆ. ಇದಕ್ಕೆ ಮೆಕ್ಯಾನಿಕ್ಕೂ ಬೇಡ, ಹಣವೂ ಬೇಡ. ಇನ್ನು ಅರ್ಧ ಇಂಚಿನ ಪೈಪು ಪ್ರತಿ ಮೀಟರಿಗೆ 0.18 ಲೀಟರು ನೀರು ಹಿಡಿಯುತ್ತದೆ. ಮಹಡಿಯಿಂದ ಬಚ್ಚಲಿಗೆ 20 ಮೀಟರು ಪೈಪಿದ್ದರೆ ಮೊದಲು ಬರುವ ಮೂರೂವರೆ ಲೀಟರು ರಾತ್ರಿಯೆಲ್ಲ ತಣಿದ ನೀರೇ. ಅದನ್ನು ಚೆಲ್ಲದೆ ಒಂದು ಬಕೆಟ್ಟಿಗೆ ಹಿಡಿದಿಡಿ; ಹೇಗೂ ಬಿಸಿನೀರಿಗೆ ಬೆರೆಸಲು ತಣ್ಣೀರು ಬೇಕಲ್ಲ.